ಫೆಬ್ರವರಿಯ ಮೆಣಸಿನಕಾಯಿ

ಫೆಬ್ರವರಿಯ ಒಂದು ಬೆಳಿಗ್ಗೆ ಫೋನು ರಿಂಗಾದಾಗ ವರ್ನಾ ಟಿಡ್‌ವೆಲ್ ಮೆಕ್ಕೆಜೋಳದ ಬ್ರೆಡ್ಡಿಗೆ ಹಿಟ್ಟು ಕಲಸುತ್ತಿದ್ದರು. ಅಡುಗೆಮನೆಯ ಗೋಡೆಗೆ ನೇತುಬಿದ್ದ, ಸುರುಳಿ ವೈರಿನ ಹಳೇ ಫೋನು ಅದು. ಮೊಮ್ಮಕ್ಕಳು ಬಂದಾಗಲೆಲ್ಲ ಅದನ್ನು ನೋಡಿ ನಗುತ್ತಾರೆ. ನಗಲಿ ಬಿಡಿ. ಟೆಕ್ಸಸ್ ರಾಜ್ಯದ ಮೆಸ್ಕೀಟ್ ವೆಲ್ಸ್ ಊರಿನ ಪ್ರಾರ್ಥನೆಯ ಸರಪಳಿ ಶುರುವಾಗುವುದೂ ಮುಗಿಯುವುದೂ ಆ ಫೋನಿನಲ್ಲೇ.

ಸರಪಳಿ ಕಟ್ಟಿದ್ದು ವರ್ನಾರ ಅಮ್ಮ. ಯಾರಿಗಾದರೂ ಕಷ್ಟ ಬಂದರೆ ಮೊದಲು ವರ್ನಾಗೆ ತಿಳಿಸಬೇಕು. ವರ್ನಾ ಜ್ಯುವೆಲ್‌ಗೆ, ಜ್ಯುವೆಲ್ ಮುಂದಿನವಳಿಗೆ, ಹೀಗೆ ಚರ್ಚಿನ ಹೆಂಗಸರೆಲ್ಲ ಒಬ್ಬರಿಂದೊಬ್ಬರು ಕೇಳಿಸಿಕೊಂಡು ಪ್ರಾರ್ಥಿಸಬೇಕು. ಕೊನೆಯವರು ಓಪಲ್. ಅವರು ತಮಗೆ ತಲುಪಿದ್ದನ್ನು ಮತ್ತೆ ವರ್ನಾಗೆ ಒಪ್ಪಿಸಬೇಕು. ಹಿಂದೊಮ್ಮೆ ಯಾರದೋ ಹಸುವಿನ ಕಾಲು ಮುರಿದದ್ದು ಕೊನೆಗೆ ತಲುಪುವಷ್ಟರಲ್ಲಿ ಗಂಡನ ಕಾಲಾಗಿ, ಆ ಮನುಷ್ಯನ ಮನೆಗೆ ರಾಶಿ ರಾಶಿ ಅಡುಗೆ ಬಂದುಬಿದ್ದಿತ್ತು. ಆಮೇಲೆ ಅಮ್ಮ ಕಟ್ಟುನಿಟ್ಟು ಮಾಡಿದಳು, ಹೇಳಿದ ಮಾತು ಒಂದಕ್ಷರವೂ ಬದಲಾಗಕೂಡದು ಅಂತ.

ಫೋನಿನಲ್ಲಿದ್ದವಳು ಟ್ವೈಲಾ, ಶಾಲೆಯ ಅಡುಗೆಮನೆಯಲ್ಲಿ ಕೆಲಸ ಮಾಡುವವಳು. ಊರಿನ ಚಿಕ್ಕವರೆಲ್ಲ ವರ್ನಾರನ್ನು ಮರ್ಯಾದೆಗೆ ಮಿಸ್ ಅನ್ನುವುದು ರೂಢಿ.

"ಮಿಸ್ ವರ್ನಾ, ಸರಪಳಿಗೆ ಹಾಕಿ. ನನ್ನ ಮಗಳು ಕ್ಯಾಸಿಗೋಸ್ಕರ ಪ್ರಾರ್ಥನೆ ಮಾಡ್ಲಿ. ಇವತ್ತು ಅವಳನ್ನ ನ್ಯೂ ಮೆಕ್ಸಿಕೋಗೆ ಕರ್ಕೊಂಡು ಹೋಗ್ತಿದ್ದೀನಿ, ಅಲ್ಲಿನ ಆಸ್ಪತ್ರೆಗೆ…"

ಮಾತು ಅಲ್ಲಿಗೇ ನಿಂತಿತು. ತಾನು ಏನು ಬಾಯಿಬಿಟ್ಟೆ ಎಂದು ಅವಳಿಗೆ ಆಗಲೇ ಹೊಳೆದದ್ದು.

"ಅಯ್ಯೋ ದೇವರೇ! ಕಷ್ಟ ಅಂದ್ರೆ ಇಲ್ಲಿಗೇ ಫೋನ್ ಮಾಡಿ ಮಾಡಿ ಅಭ್ಯಾಸ. ಕೈ ತಾನಾಗೇ ನಂಬರ್ ಒತ್ತಿಬಿಡ್ತು. ಕೇಳಿಸ್ಲಿಲ್ಲ ಅಂದ್ಕೊಳ್ಳಿ, ನಿಮ್ಮ ದಮ್ಮಯ್ಯ!"

ವರ್ನಾ ಹಿಟ್ಟಿನ ಕೈಯಲ್ಲೇ ಕುರ್ಚಿ ಎಳೆದುಕೊಂಡು ಕೂತರು. "ಅಳಬೇಡ. ಏನಾಯ್ತು ಹೇಳು, ಮಗಳೇ."

ಕ್ಯಾಸಿ ಐದು ತಿಂಗಳ ಬಸುರಿ. ಚೊಚ್ಚಲು. ತೊಟ್ಟಿಲಿಗೆ ಬಣ್ಣ ಕೂಡ ಬಳಿದಾಗಿತ್ತು. ಮೊನ್ನೆ ನೀರಿನ ಚೀಲ ಒಡೆದುಹೋಯಿತು. ಕೂಸು ಉಳಿಯುವುದಿಲ್ಲ ಎಂದು ಡಾಕ್ಟರೇ ಹೇಳಿದರು. ಆದರೆ ಅದರ ಎದೆ ಬಡಿದುಕೊಳ್ಳುತ್ತಿರುವವರೆಗೆ ಗರ್ಭ ತೆಗೆಯಬಾರದೆನ್ನುವ ಟೆಕ್ಸಸ್ ಕಾನೂನಿಗೆ ಹೆದರಿ ಅವರು ಏನೂ ಮಾಡುವುದಿಲ್ಲವಂತೆ, ಮನೆಗೆ ಹೋಗಿ ಕಾಯಿರಿ ಎಂದರಂತೆ. ಈಗ ಹುಡುಗಿಗೆ ಜ್ವರ ಶುರುವಾಗಿದೆ. ಗಂಡ ಎಣ್ಣೆಬಾವಿಯ ಕೆಲಸಕ್ಕೆ ಹೋದವನು ದೂರದಲ್ಲಿದ್ದಾನೆ.

"ಅಲ್ಲಿನ ನರ್ಸ್ ಹತ್ರ ಮಾತಾಡ್ದೆ," ಎಂದಳು ಟ್ವೈಲಾ. "ನ್ಯೂ ಮೆಕ್ಸಿಕೋ ರಾಜ್ಯದಲ್ಲಿ ಬಂದೋರಿಗೂ ಕರ್ಕೊಂಡು ಬಂದೋರಿಗೂ ಕಾನೂನಿನ ರಕ್ಷಣೆ ಇದೆ, ಹೊರಗಿನೋರು ಯಾರೇ ಕೇಳಿದ್ರೂ ಹೆಸರು ಕೊಡಲ್ಲ, ಗಡಿ ದಾಟಿ ಬನ್ನಿ ಸಾಕು ಅಂದ್ಲು. ಗಡಿ ಮುಟ್ಟೋವರೆಗೆ ನಮಗ್ಯಾರು ರಕ್ಷಣೆ, ಮಿಸ್ ವರ್ನಾ? ನಾವು ಹೋಗ್ಬೇಕಾಗಿರೋದು ಲಮಾರ್ ಅವರ ಅಂಗಡಿ ಮುಂದೇನೇ."

ಜನವರಿಯಲ್ಲಿ ಊರಿನ ಸಭೆಯಲ್ಲಿ ಲಮಾರ್ ತಂದ ಹೊಸ ನಿಯಮಕ್ಕೆ ವರ್ನಾ ಕೂಡ ಕೈ ಎತ್ತಿದ್ದರು. ಗರ್ಭ ತೆಗೆಸಲೆಂದು ಊರಿನ ರಸ್ತೆಯಲ್ಲಿ ಯಾರು ಯಾರನ್ನು ಕರೆದೊಯ್ದರೂ, ಕರೆದೊಯ್ದವರ ಮೇಲೆ ಯಾರು ಬೇಕಾದರೂ ದಾವೆ ಹೂಡಬಹುದು. ಲಮಾರ್ ಕೆಟ್ಟವರಲ್ಲ, ಓಪಲ್‌ರ ಗಂಡ, ಅನಾಥ ಮಕ್ಕಳಿಬ್ಬರನ್ನು ಸಾಕಿದವರು. "ಹೊಟ್ಟೇಲಿರೋ ಕೂಸಿಗೆ ಬಾಯಿಲ್ಲ. ಅದರ ಪರವಾಗಿ ಯಾರಾದ್ರೂ ಮಾತಾಡ್ಬೇಕಲ್ವಾ?" ಎಂದು ಕೇಳಿದ್ದರು. ಸರಿ ಅನ್ನಿಸಿತ್ತು. ಕ್ಯಾಸಿಯಂಥವಳು ಅವತ್ತು ಯಾರ ನೆನಪಿಗೂ ಬಂದಿರಲಿಲ್ಲ.

ಕಿಟಕಿಯಾಚೆ ಅಮ್ಮ ನೆಟ್ಟ ಪೀಕಾನ್ ಮರ ಬರಿದಾಗಿ ನಿಂತಿತ್ತು. ಪ್ರತಿ ಸೆಪ್ಟೆಂಬರಿನಲ್ಲಿ, ಕೊಯ್ಲಿನ ಕಾಲಕ್ಕೆ, ಅಮ್ಮ ಗಡಿಯಾಚೆಯ ನ್ಯೂ ಮೆಕ್ಸಿಕೋಗೆ ಹೋಗಿ ಗೋಣಿಚೀಲದ ತುಂಬ ಹಸಿ ಮೆಣಸಿನಕಾಯಿ ತರುತ್ತಿದ್ದಳು. ಆ ಮರದ ಕೆಳಗೇ ಸುಡುತ್ತಿದ್ದಳು. ಆ ಘಾಟಿಗೆ ಕೆಮ್ಮುತ್ತ, ಕಣ್ಣೀರು ಸುರಿಸುತ್ತ, ಬಿಸಿ ರೊಟ್ಟಿಯಲ್ಲಿ ಸುತ್ತಿಕೊಂಡು ತಿಂದ ಸುಖ! ಅಂಥ ರುಚಿ ಮತ್ತೆ ನಾಲಿಗೆಗೆ ಸಿಕ್ಕೇ ಇಲ್ಲ. ಆದರೆ ಒಂದು ವರ್ಷ ಅಮ್ಮ ಫೆಬ್ರವರಿಯಲ್ಲಿ ಹೊರಟಿದ್ದಳು. ವರ್ನಾ ಆಗ ಲಂಗ ತೊಡುವ ಹುಡುಗಿ. ಕಾರಿನ ಹಿಂದಿನ ಸೀಟಿನಲ್ಲಿ ಯಾರೋ ಕೌದಿ ಹೊದ್ದು, ಮುಖ ಮುಚ್ಚಿ ಮಲಗಿದ್ದರು.

"ಫೆಬ್ರವರೀಲಿ ಎಲ್ಲಮ್ಮಾ ಮೆಣಸಿನಕಾಯಿ?"

"ಹುಡುಕಿದ್ರೆ ಸಿಗುತ್ತೆ. ನೀನು ಒಲೆ ನೋಡ್ಕೋ," ಎಂದಿದ್ದಳು ಅಮ್ಮ. ವಾಪಸು ಬಂದಾಗ ಚೀಲ ಖಾಲಿ. ಊರಿನಲ್ಲಿ ಒಬ್ಬರೂ ಕೇಳಲಿಲ್ಲ. ಎಂಥ ಊರಾಗಿತ್ತು ಇದು!

"ಟ್ವೈಲಾ, ನಿನ್ನ ಕಾರು ಬೇಡ," ಎಂದರು. "ನನ್ನ ಕಾರಲ್ಲಿ ನಾನೇ ಬರ್ತೀನಿ. ನಾನು ಆ ಕಡೆ ಹೋದ್ರೆ ಯಾರೂ ತಲೆ ಎತ್ತಿ ನೋಡಲ್ಲ. ದಾವೆ ಹಾಕೋರು ಈ ಮುದುಕಿ ಮೇಲೆ ಹಾಕ್ಲಿ, ಕೋರ್ಟು ಹೆಂಗಿರುತ್ತೆ ಅಂತ ನಾನೂ ನೋಡಿಲ್ಲ. ಹಿಂದಿನ ಸೀಟಲ್ಲಿ ಕ್ಯಾಸಿನ ನಿನ್ನ ತೊಡೆ ಮೇಲೆ ಮಲಗಿಸ್ಕೋ."

"ಮತ್ತೆ… ಪ್ರಾರ್ಥನೆ?"

"ಅದನ್ನ ಬೇಡ ಅನ್ನೋಕಾಗುತ್ತೇನೇ? ನಾನು ನೋಡ್ಕೋತೀನಿ."

ಫೋನಿಟ್ಟು ಜ್ಯುವೆಲ್‌ಗೆ ಕರೆ ಮಾಡಿದರು. ಅಮ್ಮನ ನಿಯಮ ಅವರ ಕೈಯಲ್ಲಿ ಮೊದಲ ಸಲ ಮುರಿಯಿತು. "ಸರಪಳಿಗೆ ಹಾಕು. ವರ್ನಾ ಇವತ್ತು ನ್ಯೂ ಮೆಕ್ಸಿಕೋಗೆ ಮೆಣಸಿನಕಾಯಿ ತರೋಕೆ ಹೋಗ್ತಿದ್ದಾಳೆ. ಸುಖವಾಗಿ ಹೋಗಿ ಬರ್ಲಿ ಅಂತ ಬೇಡ್ಕೊಳ್ಳಿ."

ಜ್ಯುವೆಲ್ ಏನೋ ಕೇಳಲು ಹೊರಟವರು ನುಂಗಿಕೊಂಡರು. "ಆಯ್ತು," ಎಂದಷ್ಟೇ ಅಂದರು.

ವರ್ನಾ ಫ್ಲಾಸ್ಕಿಗೆ ಕಾಫಿ ಸುರಿದು, ಕೌದಿ ಮಡಚಿ, ಅಮ್ಮನ ಹಳೇ ಗೋಣಿಚೀಲ ಹುಡುಕಿ ತೆಗೆಯುವ ಹೊತ್ತಿಗೆ ಫೋನು ಮತ್ತೆ ರಿಂಗಾಯಿತು. ಓಪಲ್.

"ಮೆಣಸಿನಕಾಯಿ ತರೋಕೆ ಹೋಗ್ತಿದ್ದೀಯಂತೆ," ಎಂದರು ಓಪಲ್. "ಹಂಗೇ ತಲುಪಿದೆ."

"ಹೌದು ಕಣೇ."

ಹಿಂದಿನಿಂದ ಲಮಾರ್ ದನಿ ಕೇಳಿಸಿತು. "ಫೆಬ್ರವರೀಲಾ? ವರ್ನಾಗೆ ತಲೆ ಕೆಟ್ಟಿದ್ಯಾ?"

"ನೀವು ಕಾಫಿ ಕುಡೀರಿ. ಅಡುಗೆಮನೆ ವಿಷಯ ನಿಮಗೇನು ಗೊತ್ತು?" ಎಂದು ಓಪಲ್ ಗದರಿದರು. ಬಾಗಿಲು ಮುಚ್ಚಿದ ಸದ್ದಾಯಿತು. ಮತ್ತೆ ಮಾತಾಡಿದಾಗ ದನಿ ತಗ್ಗಿತ್ತು.

"ವರ್ನಾ, ನಾವು ಚಿಕ್ಕೋರಿದ್ದಾಗ ಒಂದು ಫೆಬ್ರವರೀಲಿ ನಿಮ್ಮಮ್ಮ ಹೋಗಿದ್ಲು, ನೆನಪಿದ್ಯಾ? ಹಿಂದಿನ ಸೀಟಲ್ಲಿ ಇದ್ದಿದ್ದು ನಮ್ಮಮ್ಮ. ಅವತ್ತು ಹೋಗ್ದೇ ಇದ್ದಿದ್ರೆ ಉಳೀತಿರ್ಲಿಲ್ಲ. ನಾವು ಐದು ಮಕ್ಕಳು ತಬ್ಬಲಿ ಆಗ್ತಿದ್ವಿ. ಇಷ್ಟು ವರ್ಷ ಯಾರಿಗೂ ಹೇಳಿಲ್ಲ. ಇವರಿಗೂ."

ವರ್ನಾ ಸುರುಳಿ ವೈರನ್ನು ಬೆರಳಿಗೆ ಸುತ್ತಿಕೊಂಡು ನಿಂತರು.

"ಯಾರು ಅಂತ ನಾನು ಕೇಳಲ್ಲ," ಎಂದರು ಓಪಲ್. "ನಾನು ಮಂಡಿ ಊರಿ ಪ್ರಾರ್ಥನೆ ಮಾಡ್ದೆ ಅಂತ ಆ ಹುಡುಗಿಗೆ ಹೇಳು. ಮತ್ತೆ ಬರ್ತಾ ನನಗೂ ಒಂದು ಚೀಲ ಮೆಣಸಿನಕಾಯಿ ತಗೊಂಡು ಬಾ. ಇವರು ಕೇಳಿದ್ರೆ ನಾನೇ ಹೇಳಿಕಳಿಸ್ದೆ ಅಂತೀನಿ."

ಫೋನಿಟ್ಟು ವರ್ನಾ ಏಪ್ರನ್ನಿನ ತುದಿಯಲ್ಲೇ ಕಣ್ಣೊರೆಸಿಕೊಂಡರು. ಅಟ್ಟದಿಂದ ಇನ್ನೊಂದು ಗೋಣಿಚೀಲ ಇಳಿಸಿ ಕೊಡವಿದರು. ಎರಡನ್ನೂ ಮಡಚಿ, ಹೋಗಿ ಬರುವವರಿಗೆಲ್ಲ ಕಾಣುವ ಹಾಗೆ ಕಾರಿನ ಮುಂದಿನ ಸೀಟಿನಲ್ಲಿಟ್ಟು, ಟ್ವೈಲಾಳ ಮನೆಯತ್ತ ಹೊರಟರು.