ಮೂಲೆಯ ಮೇಜು

ಶಸ್ತ್ರಚಿಕಿತ್ಸಕರ ಬೆನ್ನು ಬಿಟ್ಟರೆ ಕುಳ್ಳಿಗೆ ಏನೂ ಕಾಣುತ್ತಿರಲಿಲ್ಲ. ಮನೆಯವರು ಇಟ್ಟ ಆ ಅಡ್ಡಹೆಸರು, ಡಾಕ್ಟರಿಕೆ ಓದಲು ಪರದೇಶಕ್ಕೆ ಬಂದರೂ, ಸುಳ್ಳಾಗಿರಲಿಲ್ಲ.

ಆಪರೇಷನ್ ಮೇಜಿನ ಮೇಲೆ ಮಲಗಿದ್ದ ಕೂಸಿನ ತಲೆಬುರುಡೆಯ ನಡುವಿನ ಬೆಸುಗೆ ಹೊತ್ತಿಗೆ ಮೊದಲೇ ಗಟ್ಟಿಯಾಗಿ, ತಲೆ ದೋಣಿಯಂತೆ ಉದ್ದಕ್ಕೆ ಬೆಳೆದಿತ್ತು. ಊರಿನಲ್ಲಿ ಅಕ್ಕನ ಮಗುವಿಗೂ ಇದೇ ತೊಂದರೆ. ಅಲ್ಲಿನ ಡಾಕ್ಟರು ಆಪರೇಷನ್ ಆಗಲೇಬೇಕು ಎಂದಿದ್ದರು. ಅಕ್ಕ ಒಪ್ಪಿರಲಿಲ್ಲ.

"ತೆಗೆದ ಮೂಳೆನ ಏನ್ಮಾಡ್ತಾರೆ ಅಂತ ಕಣ್ಣಾರೆ ನೋಡಿ ಹೇಳು. ಪುಸ್ತಕದ ಮಾತು ನಂಗೆ ಬೇಡ," ಎಂದಿದ್ದಳು.

ಕುಳ್ಳಿಯನ್ನು ಮೂಲೆಯಲ್ಲಿ, ಹಸಿರು ಬಟ್ಟೆ ಹೊದಿಸಿದ ಚಿಕ್ಕ ಮೇಜಿನ ಬಳಿ ನಿಲ್ಲಿಸಿದ್ದರು. ಇದ್ದ ಒಂದೇ ಮೆಟ್ಟಿಲುಮಣೆಯ ಮೇಲೆ ಅವಳ ಕನ್ನಡದ ಸಹಪಾಠಿ ನಿಂತಿದ್ದ. ಅವನೋ ಮೊದಲೇ ಕಂಬದಂಥ ಆಳು.

"ಕಂಬಕ್ಕೆ ಮಣೆ ಯಾತಕ್ಕಪ್ಪಾ? ಸ್ವಲ್ಪ ನಂಗೆ ಬಿಡು," ಎಂದು ಪಿಸುಗುಟ್ಟಿದಳು.

"ಇರು ಮಾರಾಯ್ತಿ, ಮೂಳೆ ಎತ್ತಲಿ."

ಗರಗಸದ ಸದ್ದು ನಿಂತು ಮೂಳೆ ಹೊರಬರುವವರೆಗೂ ಅವನು ಇಳಿಯಲಿಲ್ಲ. ಕಡೆಗೆ ನರ್ಸೇ ಸನ್ನೆ ಮಾಡಿ ಇಬ್ಬರ ಜಾಗ ಬದಲಿಸಿದರು. ಕುಳ್ಳಿ ಮಣೆ ಹತ್ತಿದಳು. ಮಿದುಳಿನ ಮೇಲಿನ ಪೊರೆ ಮೆಲ್ಲಗೆ ಮಿಡಿಯುತ್ತಿತ್ತು. ಮೂಳೆ ಮಾತ್ರ ಅಲ್ಲಿರಲಿಲ್ಲ. ಶಸ್ತ್ರಚಿಕಿತ್ಸಕರು ಅದನ್ನು ಮೂಲೆಯ ಮೇಜಿಗೆ ಒಯ್ದು ಕತ್ತರಿಸುತ್ತಿದ್ದರು, ಬಗ್ಗಿಸುತ್ತಿದ್ದರು. ಅವರೆದುರಿಗೆ ಈಗ ಕಂಬ ನಿಂತಿದ್ದ. ಅವಳಿಗೆ ಮತ್ತೆ ಅದೇ ಬೆನ್ನು. ತುಂಡುಗಳನ್ನು ಮರಳಿ ಜೋಡಿಸುವಾಗಲೂ ಸಹಾಯಕರ ತಲೆಗಳು ಅಡ್ಡ ಬಂದವು.

ಸಂಜೆ ಅಕ್ಕನ ಫೋನು ಬಂತು.

"ನೋಡಿದ್ಯೇನೇ?"

ನೋಡಿದೆ ಎಂದುಬಿಟ್ಟಿದ್ದರೆ ಮುಗಿಯುತ್ತಿತ್ತು. ನಾಲಗೆ ಹೊರಳಲಿಲ್ಲ.

"ತೆಗೆದಿದ್ದು ಗೊತ್ತು, ವಾಪಸ್ ಇಟ್ಟಿದ್ದೂ ಗೊತ್ತು. ನಡುವೆ ಮಾಡಿದ್ದೇ ಕಾಣ್ಲಿಲ್ಲ ಅಕ್ಕಾ."

"ಅಷ್ಟು ದೂರ ಹೋಗಿ ಡಾಕ್ಟರ ಬೆನ್ನು ನೋಡ್ಕೊಂಡು ಬಂದ್ಯಾ?"

"ಹೂಂ. ಆದ್ರೂ ತಡ ಮಾಡ್ಬೇಡ. ಬಲಿತ ಮೂಳೆ ಬಗ್ಗಲ್ಲ."

"ಹಾಗಾದ್ರೆ ನೀನೂ ತಡ ಮಾಡ್ಬೇಡ. ನೀನು ನೋಡಿ ಹೇಳೋತನಕ ನಾನು ಹೂಂ ಅನ್ನಲ್ಲ."

ಅಕ್ಕನ ಮೇಲೆ ಸಿಟ್ಟು ಬಂತು, ಕಂಬನ ಮೇಲೆ ಬಂತು, ಮಣೆಗಾಗಿ ಗೋಗರೆದ ತನ್ನ ಮೇಲೆ ಇನ್ನೂ ಹೆಚ್ಚು ಬಂತು. ಸುಮ್ಮನೆ ಇದ್ದಲ್ಲೇ ಇದ್ದಿದ್ದರೆ ಸಾಕಿತ್ತು.

ಮರುವಾರ ಅಂಥದೇ ಇನ್ನೊಂದು ಕೂಸು ಬಂತು. ಕಂಬ ತಾನಾಗಿಯೇ ಕಾಲಿನಿಂದ ಮಣೆಯನ್ನು ಅವಳತ್ತ ತಳ್ಳಿದ.

"ತಗೋ ಮಾರಾಯ್ತಿ, ಶಾಪ ಹಾಕ್ಬೇಡ."

"ನೀನೇ ಹತ್ಕೋ," ಎಂದು ಕುಳ್ಳಿ ಮೂಲೆಯ ಮೇಜಿನ ಬಳಿ ನಿಂತಳು. ಅಲ್ಲಿಂದ ಕೂಸಿನ ತಲೆ ಕಾಣುತ್ತಿರಲಿಲ್ಲ. ನರ್ಸು ಹತ್ತಿರ ಬರಲು ಕರೆದರೂ ಬೇಡವೆಂದು ತಲೆಯಾಡಿಸಿದಳು.

ಗರಗಸದ ಸದ್ದು ನಿಂತಿತು. ಶಸ್ತ್ರಚಿಕಿತ್ಸಕರು ಮೂಳೆ ಹಿಡಿದು ಅವಳ ಕಡೆಗೆ ತಿರುಗಿದರು.