ಚೆಲ್ಲದ ಗ್ಲಾಸು

ಗಡಿಯಾರ ರಿಪೇರಿಯವಳು ಗಾಜಿನ ಅಂಗಡಿಗೆ ಬಂದು ಒಂದು ಗಂಟೆಯಾಗಿತ್ತು. ನಿಂತಲ್ಲಿ ನಿಲ್ಲಲಾರಳು, ಕೂತಲ್ಲಿ ಕೂರಲಾರಳು. ಎರಡು ವರ್ಷದಿಂದ ಮಾತು ಬಿಟ್ಟಿದ್ದ ಅಣ್ಣ ಇಂದು ಸಂಜೆ ಊಟಕ್ಕೆ ಬರುತ್ತೇನೆಂದಿದ್ದಾನೆ! ಅವನಿಗೆ ಇಷ್ಟವಾದ ಕೆಂಪು ವೈನು ತಂದಾಗಿದೆ. ಕುಡಿಯಲು ಮನೆಯಲ್ಲಿ ನೆಟ್ಟಗೊಂದು ಗ್ಲಾಸಿಲ್ಲ.

"ಈ ಉದ್ದ ಕಾಲಿಂದು ನೋಡಿ ಮೇಡಂ. ಕೈಬಿಸಿ ವೈನಿಗೆ ತಾಗಲ್ಲ," ಎಂದ ಅಂಗಡಿಯವನು.

"ಅರ್ಧ ನೀರು ಹಾಕಿ ಕೊಡ್ತೀರಾ?"

"ನೀರಾ?"

ಅವಳು ನೀರಿದ್ದ ಗ್ಲಾಸು ಹಿಡಿದು ಬೇಕೆಂದೇ ಕೈ ನಡುಗಿಸಿದಳು. ನೀರು ಚೆಲ್ಲಿ ಅವನ ಅಂಗಿ ತೊಯ್ದುಹೋಯಿತು.

"ಗ್ಲಾಸು ತಗೊಳ್ಳೋಕೆ ಬಂದ್ರೋ, ನಂಗೆ ಸ್ನಾನ ಮಾಡಿಸೋಕೆ ಬಂದ್ರೋ?"

ಅವಳಿಗೆ ನಗು ಬರಲಿಲ್ಲ. ಆ ನಡುಕ ಅವಳಿಗೆ ಬಾಯಿಪಾಠ. ಕೆಲಸ ಕಲಿಸಿದವನೇ ಅಣ್ಣ; ಕೂದಲೆಳೆಯಂಥ ಸ್ಪ್ರಿಂಗನ್ನು ಚಿಮಟದಲ್ಲಿ ಎತ್ತಿ ಕೂರಿಸುತ್ತಿದ್ದ ಕೈ ಅವನದು. ಅದು ನಡುಗತೊಡಗಿದಾಗ ಇವಳು ಗಿರಾಕಿಗಳ ಎದುರೇ, "ನಿನ್ ಕೈಲಾಗಲ್ಲ ಬಿಡಣ್ಣ, ಕೊಡಿಲ್ಲಿ," ಎಂದು ಚಿಮಟ ಕಿತ್ತುಕೊಂಡಿದ್ದಳು. ಹಾಳು ನಾಲಿಗೆ! ಅಂದು ಎದ್ದು ಹೋದವನು ಮತ್ತೆ ಗಡಿಯಾರದ ಅಂಗಡಿಯ ಮೆಟ್ಟಿಲು ಹತ್ತಲಿಲ್ಲ.

ಇನ್ನೂ ನಾಲ್ಕು ಗ್ಲಾಸು ಚೆಲ್ಲಿದ ಮೇಲೆ ಕಾಲೇ ಇಲ್ಲದ, ಬುಡ ದಪ್ಪಗಿನ, ಬಾಯಿ ಕಿರಿದಾದ ಗಿಡ್ಡ ಗ್ಲಾಸೊಂದು ಸಿಕ್ಕಿತು. ಎಷ್ಟು ನಡುಗಿಸಿದರೂ ಒಂದು ಹನಿ ಆಚೆ ಬರಲಿಲ್ಲ.

"ಇದೊಂದು ಕೊಡಿ. ನಂಗೆ, ನಮ್ಮನೆಯವರಿಗೆ ಆ ಉದ್ದದ್ದು ಎರಡು."

ಕಟ್ಟಿಸಿಕೊಂಡು ಬಾಗಿಲವರೆಗೆ ಹೋದವಳು ಗಕ್ಕನೆ ನಿಂತಳು. ಅವನೊಬ್ಬನಿಗೆ ಬೇರೆ ಗ್ಲಾಸೇ? ಥೂ, ಮತ್ತೆ ಅದೇ ತಪ್ಪು! ತಿರುಗಿ ಓಡಿಬಂದಳು.

"ಮೂರೂ ಗಿಡ್ಡದ್ದೇ ಕೊಟ್ಬಿಡಿ."

"ಸದ್ಯ, ಬದುಕಿದೆ!" ಎಂದ ಅಂಗಡಿಯವನು.

ಸಂಜೆ ಅಣ್ಣ ಬಂದ. ಬಲಗೈ ಕೋಟಿನ ಜೇಬಿನಲ್ಲೇ ಇತ್ತು, ಊಟಕ್ಕೆ ಕೂತ ಮೇಲೂ ಹೊರಗೆ ಬರಲಿಲ್ಲ. ಅವಳು ಗ್ಲಾಸುಗಳನ್ನು ಅತ್ತ ಸರಿಸಿದಳು, ಇತ್ತ ಸರಿಸಿದಳು. ಅವನು ತನ್ನ ಮುಂದಿನ ಗ್ಲಾಸು ನೋಡಿದ, ತಂಗಿಯದು ನೋಡಿದ, ಅವಳ ಗಂಡನದು ನೋಡಿದ. ಮೂರೂ ಒಂದೇ.

ಅಣ್ಣ ನಿಧಾನವಾಗಿ ಕೈ ತೆಗೆದ. ಅದರಲ್ಲಿ ಮುಚ್ಚಳವಿದ್ದ ಪ್ಲಾಸ್ಟಿಕ್ ಲೋಟವಿತ್ತು, ಎಳೆಮಕ್ಕಳಿಗೆ ಹಾಲು ಕೊಡುವಂಥದ್ದು.

"ಇದನ್ನ ಒಳಗಿಡು," ಎಂದ. "ಇವತ್ತು ಬೇಡ."

ಅವಳು ಲೋಟ ಒಳಗಿಟ್ಟು ಬಂದಳು. ವೈನು ಬಗ್ಗಿಸುವಾಗ ಅವಳ ಕೈಯೇ ನಡುಗಿ ಮೇಜಿನ ಮೇಲೆ ಕೆಂಪು ಹರಡಿಕೊಂಡಿತು.

"ನಿನ್ ಕೈಲಾಗಲ್ಲ ಬಿಡು," ಎಂದ ಅಣ್ಣ, "ಕೊಡಿಲ್ಲಿ."

ಅವಳು ಬಾಟಲಿಯನ್ನು ಅವನ ಕೈಗೆ ಕೊಟ್ಟಳು.