ತನ್ನದೇ ಡಂಗುರ

“ನಿನ್ ಹೆಸ್ರು ಸಾರಕ್ಕೆ ಇನ್ಯಾವನ್ನ ಕರ್ಸ್ಲಿ ಬೋಳಿಮಗನೆ? ನಾಳಿದ್ದು ಬೆಳಿಗ್ಗೆ ನೀನೇ ಸಾರು. ಸಾಲ ತೀರ್ಸಿಲ್ಲ ಅಂತ ಊರೆಲ್ಲ ಸಾರ್ಬುಟ್ಟು, ಆಮ್ಯಾಕೆ ತಮಟೆ ತಂದು ಇಲ್ಲಿಟ್ಟೋಗು.”

ಜಗಲಿಯ ಮೇಲಿದ್ದ ನಾಗಭೂಷಣ ಎಲೆಯಡಿಕೆ ಉಗುಳಿದ. ಕೆಳಗೆ ನಿಂತಿದ್ದ ಚಿಕ್ಕಮಾರಯ್ಯ “ಆಗ್ಲಿ ಬುದ್ದೀ” ಎಂದ.

ಕುಣಿಗಲ್ ಸೀಮೆಯ ಆ ಊರಿನಲ್ಲಿ ಬಡ್ಡಿ ಕಟ್ಟದವರ ಹೆಸರನ್ನು ನಾಗಭೂಷಣ ತಮಟೆ ಬಡಿಸಿ ಸಾರಿಸುತ್ತಿದ್ದ, ಬಡಿಯುತ್ತಿದ್ದವನು ಚಿಕ್ಕಮಾರಯ್ಯನೇ. ಎಷ್ಟೋ ಮನೆಗಳ ಮಾನ ಅವನ ಕೈಯಿಂದಲೇ ಬೀದಿಗೆ ಬಿದ್ದಿತ್ತು. ಹೆಂಡತಿಯ ಆಪರೇಷನ್ನಿಗೆ ಮಾಡಿದ ಸಾಲ ಈಗ ಅವನ ಸರದಿಯನ್ನೂ ತಂದಿತ್ತು. ಮದುವೆಗೂ ಹೆಣಕ್ಕೂ ಮುಂದೆ ನಡೆದು ಅನ್ನ ತರುತ್ತಿದ್ದ ತಮಟೆ ಹೋದರೆ ಒಲೆ ಹೊತ್ತುವಂತಿರಲಿಲ್ಲ.

ಮರುದಿನ ತುಮಕೂರಿನ ಕೋರ್ಟಿನೆದುರು ಮೊದಲು ಸಿಕ್ಕ ವಕೀಲ ದಿವಾಳಿ ಅರ್ಜಿಗೆ ಹೇಳಿದ ಫೀಜು ಕೇಳಿ ಅವನಿಗೆ ನಗು ಬಂತು.

“ದಿವಾಳಿ ಆಗಕ್ಕೂ ದುಡ್ಡಿರ್ಬೇಕಾ ಸ್ವಾಮಿ?”

ಉಚಿತ ಕಾನೂನು ನೆರವಿನ ಕೊಠಡಿಯಲ್ಲಿದ್ದ ವಕೀಲೆ ಮಾಲಿನಿ ಕುರ್ಚಿ ತೋರಿಸಿದರು. ಅರ್ಜಿ ಹಾಕುವ ಮೊದಲು ತಿಳಿದಿರಬೇಕಾದ್ದನ್ನು ಬಿಡಿಸಿ ಹೇಳಿದರು: ಇದ್ದದ್ದನ್ನು ಬಚ್ಚಿಡುವಂತಿಲ್ಲ, ಸಾಕಿದ ಆಡುಗಳು ಹೋದರೂ ಹೋದಾವು, ಅರ್ಜಿ ಹಾಕಿದ ಮಾತ್ರಕ್ಕೆ ಸಾಲ ಅಳಿಯದು. ಆದರೆ ಸಾಲ ಕೊಟ್ಟವನೂ ಬಂದು ತನ್ನ ಲೆಕ್ಕ ಒಪ್ಪಿಸಬೇಕು. ಅಡುಗೆಯ ಪಾತ್ರೆ, ಹಾಸಿಗೆ, ಕಸುಬಿನ ಸಾಮಾನುಗಳನ್ನು ಜಪ್ತಿ ಮಾಡುವಂತಿಲ್ಲ.

“ತಮಟೆ, ತಾಯೀ?”

“ಅದೇ ಅಲ್ವಾ ನಿಮ್ಮ ಕಸುಬು?”

ಮಾತು ಕೊಟ್ಟಂತೆ ಚಿಕ್ಕಮಾರಯ್ಯ ಮಾರನೆಯ ಬೆಳಿಗ್ಗೆ ಡಂಗುರಕ್ಕೆ ಹೊರಟ. ಮೊದಲು ನಿಂತದ್ದು ನಾಗಭೂಷಣನ ಜಗಲಿಯ ಮುಂದೆಯೇ.

“ಕೇಳ್ರಪ್ಪೋ ಕೇಳಿ. ಚಿಕ್ಕಮಾರಯ್ಯ ದಿವಾಳಿ ಅರ್ಜಿ ಹಾಕ್ತಾವ್ನೆ. ನಾಗಭೂಷಣಪ್ಪ ಕೋರ್ಟಿಗೆ ಬಂದು, ಕೊಟ್ಟಿದ್ದೆಷ್ಟು, ಕಿತ್ಕೊಂಡಿದ್ದೆಷ್ಟು, ಬಡ್ಡಿಗೆ ಬಿಡೋ ಲೈಸೆನ್ಸ್ ಎಲ್ಲೈತೆ ಅಂತ ಹೇಳ್ಬೇಕು. ಸಾಲ ಮಾಡಿರೋರು ಬಂದು ಕೇಳುಸ್ಕೊಳ್ಳಿ.”

ಹಿಂದೆ ಇದೇ ತಮಟೆಗೆ ತಲೆತಗ್ಗಿಸಿ ಒಳಸೇರಿದ್ದವರು ಒಬ್ಬೊಬ್ಬರೇ ಬಾಗಿಲಿಗೆ ಬಂದರು. ನಾಗಭೂಷಣ ಎಲೆಯಡಿಕೆ ನುಂಗಿಕೊಂಡು ಜಗಲಿಯಿಳಿದು ಕೈಚಾಚಿದ.

“ತಮಟೆ ಕೊಡ್ಲಾ.”

“ತಗೊಳ್ಳಿ ನಾಗಭೂಷಣಪ್ಪೋರೆ. ಜಪ್ತಿ ಆಯ್ತು ಅಂತ ಊರಿಗೆ ಸಾರ್ಬೇಕಲ್ಲ, ನೀವೇ ಬಡ್ಕೊಳ್ಳಿ.”

ಚಾಚಿದ ಕೈ ಸತ್ತ ದನದ ಚರ್ಮದ ಹತ್ತಿರ ಬಂದು, ಮುಟ್ಟಲಾರದೆ ನಿಂತಿತು.

ಇನ್ನೂ ಬೀದಿಗಳು ಬಾಕಿಯಿದ್ದವು. ತಮಟೆಯ ಚರ್ಮ ಸಡಿಲಾಗಿ ದನಿ ಕುಗ್ಗಿತ್ತು. ಚಿಕ್ಕಮಾರಯ್ಯ ನಾಗಭೂಷಣನ ಬಣವೆಯಿಂದಲೇ ಒಂದು ಹಿಡಿ ಹುಲ್ಲೆಳೆದು, ಜಗಲಿಯ ಬುಡದಲ್ಲಿ ಬೆಂಕಿ ಹಚ್ಚಿ, ನಿಧಾನವಾಗಿ ತಮಟೆ ಕಾಯಿಸತೊಡಗಿದ.